ಇಸಾಂಪುರದ ಕಲ್ಲು, ಬೂದಿಹಾಳದ ಬೂದಿ

ಮೊದಲ ದಿನ: ಶಹಾಬಾದಿನಿಂದ ಸುರಪುರಕ್ಕೆ

ಹೈಸ್ಕೂಲಿನಲ್ಲಿ ಶಿಲಾಯುಗದ ಪಾಠ ಮಾಡಲು ಶುರುಮಾಡಿ ನನಗೆ ಹದಿನಾರು ವರ್ಷವಾಯಿತು. ಕರಿಹಲಗೆಯ ಮೇಲೆ ಆ ಕಾಲದ ಕಲ್ಲಿನ ಹತ್ಯಾರಾದ ಕೈಕೊಡಲಿಯೊಂದನ್ನು ಬರೆಯುತ್ತೇನೆ, ಅದರ ಪಕ್ಕದಲ್ಲಿ ಬೆಂಕಿಯ ಸುತ್ತ ಕುಳಿತ ನಾಲ್ಕೈದು ಜನರನ್ನು ಬರೆಯುತ್ತೇನೆ, ಗಂಟೆ ಬಾರಿಸುವುದರೊಳಗೆ ಹತ್ತಾರು ಲಕ್ಷ ವರ್ಷ ಮುಗಿದುಹೋಗಿರುತ್ತದೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಆ ಕಲ್ಲನ್ನು ಮನುಷ್ಯರೇ ಒಡೆದದ್ದು ಎಂದು ಹೇಗೆ ಹೇಳುತ್ತಾರೆ? ಗುಡ್ಡದಿಂದ ಉರುಳಿ ಬಿದ್ದು ಒಡೆದಿರಬಾರದೇ?" ಎಂದು ಕೇಳಿದಳು. ಓದಿಕೊಂಡದ್ದನ್ನು ಹೇಳಿದೆ. ಅವಳಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಕಲ್ಲು ಬಲ್ಲವರು ನಮ್ಮ ಮನೆಯಲ್ಲೇ ಇದ್ದರು. ಅಪ್ಪನ ತಮ್ಮ, ನಮ್ಮ ಕಾಕಾ, ಶಹಾಬಾದ್ ಸುತ್ತಲಿನ ಖಣಿಗಳಲ್ಲಿ ನಲವತ್ತು ವರ್ಷ ಫರಸಿ ಎಬ್ಬಿಸಿದವರು. ನಮ್ಮ ಕಡೆ ಯಾರ ಮನೆಯ ನೆಲವನ್ನು ನೋಡಿದರೂ ಅದೇ ಕಲ್ಲು. ನೆಲದೊಳಗೆ ಪದರ ಪದರವಾಗಿ ಕುಳಿತಿರುವ ಸುಣ್ಣದ ಕಲ್ಲನ್ನು ಎಳೆ ನೋಡಿ ಚಾಣ ಇಟ್ಟು, ಸುತ್ತಿಗೆಯಿಂದ ಹದವಾಗಿ ಬಡಿದು, ಹಪ್ಪಳದಂತೆ ಬಿಡಿಸುವ ಕೆಲಸ. ಆ ಸುಣ್ಣದ ಕಲ್ಲಿನ ಹಾಸು ಭೀಮಾ ನದಿಯ ಬಯಲಿನಿಂದ ದಕ್ಷಿಣಕ್ಕೆ ಹುಣಸಗಿಯವರೆಗೂ ಹಬ್ಬಿದೆ. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ, ಅದೇ ಕಲ್ಲನ್ನು, ಹನ್ನೆರಡು ಲಕ್ಷ ವರ್ಷಗಳ ಹಿಂದೆ ಯಾರೋ ಒಡೆದು ಹತ್ಯಾರು ಮಾಡಿದ್ದರು ಎಂದು ನಾನು ಹೇಳಿದಾಗ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ನಮ್ಮ ಕಸುಬಿನವರೇ. ಹೋಗಿ ನೋಡಿಕೊಂಡು ಬರಬೇಕು" ಎಂದರು.

ಜನವರಿಯ ಎರಡನೆಯ ವಾರ, ಜೋಳ ಹಾಲುಗಟ್ಟಿ ಸೀತನಿಗೆ ಬರುವ ಕಾಲ. ಜೇವರ್ಗಿ, ಶಹಾಪುರ ದಾಟಿ ಸಂಜೆಗೆ ಸುರಪುರ ಸೇರಿದೆವು. ಶಹಾಪುರದ ಬಳಿ ರಸ್ತೆಯಿಂದಲೇ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ. ಸುಣ್ಣದ ಕಲ್ಲಿನ ಸೀಮೆ ಮುಗಿದು ಗ್ರಾನೈಟಿನ ಗುಂಡುಗಳು ಶುರುವಾಗುವುದು ಅಲ್ಲಿ. ಕಾಕಾ ಕಿಟಕಿಯ ಆಚೆ ನೋಡುತ್ತಾ, "ಇದು ಪದರ ಬಿಡುವ ಕಲ್ಲಲ್ಲ, ಇದಕ್ಕೆ ಬೇರೆ ಕೈ ಬೇಕು" ಎಂದರು. ಸುರಪುರದಲ್ಲಿ 1840ರ ದಶಕದಿಂದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಈ ಸೀಮೆಯ ಕಲ್ಲುವೃತ್ತಗಳ ಗೋರಿಗಳನ್ನು ಅಗೆದು ವಿವರವಾಗಿ ಬರೆದಿಟ್ಟವನು. ಅವನ ಬಂಗಲೆ ಗುಡ್ಡದ ಮೇಲಿದೆ. ಕತ್ತಲಾಗುತ್ತಿತ್ತು, ಕೆಳಗಿನಿಂದಲೇ ನೋಡಿ ಊಟಕ್ಕೆ ಹೋದೆವು.

ಎರಡನೆಯ ದಿನ: ಇಸಾಂಪುರ

ಹುಣಸಗಿಯ ಕಣಿವೆ ನೋಡಲು ಕಣಿವೆಯಂತೆ ಇಲ್ಲ. ಅಗಲವಾದ ತಟ್ಟೆ, ಅಂಚಿಗೆ ತಗ್ಗು ಗುಡ್ಡ. ಹುಣಸಗಿ, ಬೈಚಬಾಳ ಎಂಬ ಎರಡು ತಟ್ಟೆಗಳು ಸೇರಿ ಸುಮಾರು 500 ಚದರ ಕಿಲೋಮೀಟರ್. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1970ರ ದಶಕದಿಂದ ಇಲ್ಲಿ ಹಳ್ಳ ಹಳ್ಳ, ಹೊಲ ಹೊಲ ನಡೆದು ಆದಿಮಾನವರ ನೆಲೆಗಳನ್ನು ಗುರುತಿಸುತ್ತಾ ಹೋದರು. ಆ ಪಟ್ಟಿ ಇನ್ನೂರು ದಾಟಿತು. ಒಂದೇ ಕಣಿವೆಯಲ್ಲಿ ಇಷ್ಟೊಂದು ಏಕೆ? ನೀರು. ಬೇಸಿಗೆಯಲ್ಲೂ ಬತ್ತದ ಒರತೆಗಳು ಈ ಹಳ್ಳಗಳಲ್ಲಿದ್ದವು. ಮಳೆಗಾಲದಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು, ಏಪ್ರಿಲ್ ತಿಂಗಳಲ್ಲಿ ಒರತೆಯ ಬಳಿಗೆ ಬರಲೇಬೇಕು. ಈ ಸೀಮೆಯ ಬಿಸಿಲನ್ನು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾರಾಯಣಪುರದ ಕಾಲುವೆ ಬಂದು ಕಣಿವೆಯ ತುಂಬ ಭತ್ತ, ಹತ್ತಿ. ರೈತರಿಗೆ ಒಳ್ಳೆಯದಾಗಿದೆ, ಆಗಲೇಬೇಕಿತ್ತು. ಆದರೆ ಗದ್ದೆಗಾಗಿ ನೆಲ ಮಟ್ಟಮಾಡಿದಾಗಲೆಲ್ಲ ಹಳೆಯ ನೆಲ ಕದಡುತ್ತದೆ. ಒಂದು ಕೈಕೊಡಲಿ ತನ್ನ ಜಾಗದಲ್ಲಿ ಕುಳಿತಿದ್ದರೆ ಅದು ದಾಖಲೆ. ಅಲ್ಲಿಂದ ಎದ್ದು ಬದುವಿಗೆ ಬಿದ್ದರೆ ಬರೀ ಕಲ್ಲು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಸಾಂಪುರದಲ್ಲಿ ಪರಿಚಯದ ರೈತರೊಬ್ಬರು ನಮ್ಮನ್ನು ಹೊಲದ ದಾರಿಯಲ್ಲಿ ಕರೆದೊಯ್ದರು. ಎರೆಮಣ್ಣಿನ ನಡುವೆ ಒಂದು ಕಡೆ ನೆಲವೆಲ್ಲ ಬೂದುಬಣ್ಣದ ಕಲ್ಲು, ತುಂಡು ತುಂಡು. ನೋಡದೆ ನಡೆದರೆ ಜಲ್ಲಿ ಸುರಿದ ಜಾಗ ಎಂದುಕೊಂಡು ದಾಟಿಬಿಡಬಹುದು. ಅಲ್ಲೇ, 1990ರ ದಶಕದ ಕೊನೆಯ ವರ್ಷಗಳಲ್ಲಿ, ಪದ್ದಯ್ಯ ಅವರು ಮೈಕಲ್ ಪೆಟ್ರಾಗ್ಲಿಯಾ ಮೊದಲಾದವರ ಜೊತೆಗೂಡಿ ಉತ್ಖನನ ಮಾಡಿದ್ದು. ಮಣ್ಣಿನ ಕೆಳಗೆ ಸಿಕ್ಕಿದ್ದು ಒಂದು ಖಣಿ ಮತ್ತು ಕಾರ್ಯಾಗಾರ: ಎಬ್ಬಿಸಿದ ಹಲಗೆಗಳು, ಅರ್ಧ ಮಾಡಿ ಬಿಟ್ಟ ಹತ್ಯಾರುಗಳು, ಪೂರ್ತಿಯಾದ ಕೈಕೊಡಲಿ ಮತ್ತು ಅಗಲ ಬಾಯಿಯ ಸೀಳುಗಲ್ಲುಗಳು, ಇವುಗಳ ಸುತ್ತ ರಾಶಿ ರಾಶಿ ಚಕ್ಕೆ. ಚಕ್ಕೆಗಳು ಚದುರಿರಲಿಲ್ಲ, ಗುಂಪು ಗುಂಪಾಗಿದ್ದವು. ಒಬ್ಬೊಬ್ಬರು ಕುಳಿತು ಕೆಲಸ ಮಾಡಿದ ಜಾಗ ಹಾಗೇ ಉಳಿದಿತ್ತು. ಜೊತೆಗೆ ಸಿಕ್ಕ ಮೇಯುವ ಪ್ರಾಣಿಗಳ ಹಲ್ಲಿನ ಹೊಳಪುಕವಚವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯರು, ಹೋಮೋ ಸೇಪಿಯನ್ಸ್, ಹುಟ್ಟಿ ಮೂರು ಲಕ್ಷ ವರ್ಷವಾಗಿರಬಹುದು. ಇಲ್ಲಿ ಕುಳಿತು ಕಲ್ಲು ಒಡೆದವರು ನಮಗಿಂತ ಹಿಂದಿನವರು. ಹೋಮೋ ಇರೆಕ್ಟಸ್ ಬಳಗದವರಿರಬೇಕು ಎನ್ನುತ್ತಾರೆ. ಅವರ ಒಂದು ಎಲುಬೂ ಇಲ್ಲಿ ಸಿಕ್ಕಿಲ್ಲ. ಇಡೀ ಭಾರತದಲ್ಲಿ ಅಷ್ಟು ಹಳೆಯ ಬಳಗದ ತಲೆಬುರುಡೆ ಎಂದು ಹೇಳಬಹುದಾದದ್ದು 1982ರಲ್ಲಿ ನರ್ಮದೆಯ ದಂಡೆಯ ಹತ್ನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಒಂದೇ ಒಂದು ಚಿಪ್ಪು, ಅದೂ ಇಸಾಂಪುರಕ್ಕಿಂತ ಬಹಳ ಈಚಿನದು.

ಕಾಕಾ ಕುಕ್ಕರಗಾಲಿನಲ್ಲಿ ಕುಳಿತರು. ಯಾವುದನ್ನೂ ಎತ್ತಬಾರದು ಎಂದು ಮೊದಲೇ ಹೇಳಿದ್ದೆ. ಅವರು ಬಗ್ಗಿ, ಕಣ್ಣನ್ನು ಕಲ್ಲಿನ ಹತ್ತಿರಕ್ಕೆ ತಂದು ನೋಡುತ್ತಾ ಹೋದರು. ಒಂದು ಚಕ್ಕೆಯ ಬಳಿ ನಿಂತು ಕಿರುಬೆರಳಿನಿಂದ ತೋರಿಸಿದರು. ಅಂಗೈಯಷ್ಟು ಅಗಲ. ಒಂದು ಅಂಚಿನಲ್ಲಿ, ಏಟು ಬಿದ್ದ ಬಿಂದುವಿನ ಕೆಳಗೆ, ಅವರೆಕಾಳಿನ ಅರ್ಧದಷ್ಟು ಉಬ್ಬು. ಅಲ್ಲಿಂದ ಕೆಳಕ್ಕೆ, ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ, ಒಂದರ ಹೊರಗೆ ಒಂದು ಬಾಗಿದ ಗೆರೆಗಳು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತಿದ್ದವು.

"ಇದು ಹೊಡೆದದ್ದು" ಎಂದರು.

"ತಾನಾಗಿ ಬಿದ್ದು ಒಡೆದರೆ ಹೀಗಾಗುವುದಿಲ್ಲವೇ ಕಾಕಾ?" ನನ್ನ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಅವರ ಮುಂದಿಟ್ಟೆ.

"ಒಂದು ಏಟು ತಾನಾಗಿ ಬೀಳಬಹುದವ್ವ. ಇಲ್ಲಿ ನೋಡು." ಪಕ್ಕದಲ್ಲಿ ಅರ್ಧ ಹೂತಿದ್ದ ಒಂದು ಹಲಗೆಯ ಅಂಚು. "ಈ ಮಗ್ಗುಲಿಗೆ ಒಂದು, ಅದರ ಒತ್ತಿಗೆ ಇನ್ನೊಂದು, ತಿರುಗಿಸಿ ಆ ಮಗ್ಗುಲಿಗೆ ಒಂದು. ಒಂದು ಏಟಿನ ಗುಳಿಯಲ್ಲಿ ಇನ್ನೊಂದು ಏಟು ಕುಳಿತಿದೆ. ಗುಡ್ಡದಿಂದ ಉರುಳಿದ ಕಲ್ಲು ತಿರುಗಿಸಿಕೊಂಡು ಹೊಡೆಸಿಕೊಳ್ಳುವುದಿಲ್ಲ."

ಹದಿನಾರು ವರ್ಷ ನಾನು ಹೇಳಲಾಗದ್ದನ್ನು ಅವರು ಮೂರು ಮಾತಿನಲ್ಲಿ ಹೇಳಿದರು. ಹೋದ ಕೂಡಲೇ ಆ ಹುಡುಗಿಗೆ ತಲುಪಿಸಬೇಕು.

ಆಮೇಲೆ ಅವರು ಗಮನಿಸಿದ್ದು ಇನ್ನೂ ದೊಡ್ಡದು. ಇಲ್ಲಿನ ಸುಣ್ಣದ ಕಲ್ಲಿನಲ್ಲಿ ಸಿಲಿಕ ಸೇರಿ ಗಟ್ಟಿಯಾಗಿದೆ, ಗಾಜಿನ ಹಾಗೆ ಒಡೆಯುತ್ತದೆ. ಎಲ್ಲ ಹಲಗೆಯೂ ಹಾಗಿಲ್ಲ, ಕೆಲವು ಮಾತ್ರ. "ಒಳಗೆ ಬಿರುಕಿದ್ದರೆ ಏಟಿಗೆ ಎಲ್ಲೆಲ್ಲೋ ಹೋಗುತ್ತದೆ. ಬಡಿದು ಸದ್ದು ಕೇಳಬೇಕು. ಒಳ್ಳೆಯ ಕಲ್ಲು ಕಂಚಿನಂತೆ ಕೂಗುತ್ತದೆ, ಬಿರುಕಿನದು ಒಡಕು ಮಡಕೆಯಂತೆ. ಇವರೂ ಕೇಳಿಯೇ ಆರಿಸಿರಬೇಕು" ಎಂದರು. ಹನ್ನೆರಡು ಲಕ್ಷ ವರ್ಷದ ಹಿಂದಿನವರು ಕಲ್ಲಿಗೆ ಕಿವಿಗೊಟ್ಟರೇ ಎಂಬುದಕ್ಕೆ ಸಾಕ್ಷ್ಯವಿಲ್ಲ. ಆದರೆ ಅವರು ಆರಿಸಿದ್ದರು ಎಂಬುದಕ್ಕೆ ಇದೆ: ತೆಳುವಾದ ಹಲಗೆಯನ್ನು ಎರಡೂ ಕಡೆ ಕೆತ್ತಿ ಕೈಕೊಡಲಿ ಮಾಡಿದ್ದಾರೆ, ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿ ಸೀಳುಗಲ್ಲು ಮಾಡಿದ್ದಾರೆ. ಬಡಿಯಲು ಬಳಸಿದ ಗುಂಡುಗಳು ಸುಣ್ಣದ ಕಲ್ಲಲ್ಲ. ಬಸಾಲ್ಟ್, ಕ್ವಾರ್ಟ್‌ಜೈಟ್, ಚರ್ಟ್ ಎಂಬ ಬೇರೆ ಗಟ್ಟಿ ಕಲ್ಲುಗಳು. ಯಾವುದರಿಂದ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದವರ ಕೆಲಸ ಇದು. ಇದನ್ನು ನೋಡಿ ಕಲಿಯದೆ, ಯಾರೋ ಕೈ ಹಿಡಿದು ತೋರಿಸದೆ, ಬರುವುದು ಸಾಧ್ಯವಿಲ್ಲ. ಚಾಣ ಹಿಡಿಯಲು ತನಗೆ ಎರಡು ವರ್ಷ ಬೇಕಾಯಿತು, ಮೊದಲ ಆರು ತಿಂಗಳು ಬರೀ ನೋಡುವುದೇ ಆಗಿತ್ತು ಎಂದು ಕಾಕಾ ಹೇಳಿದರು.

ಮಧ್ಯಾಹ್ನ, ನೆಲೆಯಿಂದ ದೂರ, ರಸ್ತೆಯ ಬದಿಗೆ ಹೊಸದಾಗಿ ತಂದು ಹಾಕಿದ್ದ ಕಲ್ಲಿನ ರಾಶಿಯ ಬಳಿ ಕುಳಿತು ಕಾಕಾ ತಾವೂ ಒಂದು ಚಕ್ಕೆ ಎಬ್ಬಿಸಿದರು. ಕಬ್ಬಿಣವಿಲ್ಲದೆ, ಬರೀ ಒಂದು ಉರುಟು ಕಲ್ಲಿನಿಂದ. ಮೊದಲ ನಾಲ್ಕು ಏಟು ಪುಡಿಯಾದವು. ಐದನೆಯದಕ್ಕೆ ಕಲ್ಲನ್ನು ತೊಡೆಗೆ ಒತ್ತಿ, ಅಂಚನ್ನು ಸ್ವಲ್ಪ ಓರೆ ಮಾಡಿ, ಒಳಗಿನಿಂದ ಹೊರಕ್ಕೆ ಎಳೆದಂತೆ ಹೊಡೆದರು. ಟಕ್ ಎಂದು ಒಣ ಸದ್ದು. ವೀಳ್ಯದೆಲೆಯಷ್ಟು ಚಕ್ಕೆ ಅವರ ಪಂಚೆಯ ಮೇಲೆ ಬಿತ್ತು. ಅದರ ಅಂಚಿನಿಂದ ಚೀಲದ ಸುತಳಿ ಕೊಯ್ದರು; ಒಂದೇ ಎಳೆತಕ್ಕೆ ತುಂಡಾಯಿತು. ಬಿದ್ದ ಪುಡಿ ಚೂರುಗಳನ್ನೆಲ್ಲ ಆರಿಸಿ ಟವೆಲಿನಲ್ಲಿ ಕಟ್ಟಿಸಿದೆ, ಚಕ್ಕೆಯ ಮೇಲೆ ಪೆನ್ನಿನಿಂದ ತಾರೀಖು ಬರೆದೆ. ಮುಂದೆ ಬರುವವರು ನಮ್ಮದನ್ನು ಅವರದೆಂದು ತಿಳಿಯಬಾರದು.

ಸಂಜೆ ಅದೇ ರೈತರ ಹೊಲದಲ್ಲಿ ಸೀತನಿ. ಮೊಣಕಾಲು ಆಳದ ಗುಂಡಿಯಲ್ಲಿ ಕುಳ್ಳು ಸುಟ್ಟು ಕೆಂಡ ಮಾಡಿ, ಹಸಿ ತೆನೆಗಳನ್ನು ಅದರಲ್ಲಿ ಹೂತರು. ಸುಟ್ಟ ತೆನೆಯನ್ನು ಬಡಿದು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿ ಬಿಸಿ ಕಾಳನ್ನು ಶೇಂಗಾ ಹಿಂಡಿಯ ಜೊತೆ ಕೊಟ್ಟರು. ಕತ್ತಲು ಕವಿದಂತೆ ಮಾತು ಬೆಂಕಿಯ ಕಡೆಗೆ ತಿರುಗಿತು. "ಆ ಕಲ್ಲಿನವರು ಬೇಯಿಸಿ ತಿನ್ನುತ್ತಿದ್ದರೇ ಅಕ್ಕಾವರೇ?" ಎಂದು ಮನೆಯ ಸೊಸೆ ಕೇಳಿದರು.

ಇಸಾಂಪುರದಲ್ಲಿ ಬೆಂಕಿಯ ಗುರುತು ಸಿಕ್ಕಿಲ್ಲ. ಜಗತ್ತಿನಲ್ಲೇ ಅಷ್ಟು ಹಳೆಯ ಬೆಂಕಿಯ ಗುರುತು ಬೆರಳೆಣಿಕೆಯಷ್ಟು. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗವಿಯಲ್ಲಿ, ಬಾಯಿಯಿಂದ ಮೂವತ್ತು ಮೀಟರ್ ಒಳಗೆ, ಹತ್ತು ಲಕ್ಷ ವರ್ಷ ಹಳೆಯ ಪದರದಲ್ಲಿ ಹುಲ್ಲು ಎಲೆಗಳ ಬೂದಿ ಮತ್ತು ಸುಟ್ಟ ಎಲುಬಿನ ಚೂರುಗಳಿವೆ ಎಂದು 2012ರಲ್ಲಿ ತೋರಿಸಿದರು. ಅದು ಬರಿಗಣ್ಣಿಗೆ ಕಂಡದ್ದಲ್ಲ. ಮಣ್ಣನ್ನು ಹೆಂಟೆಯಾಗಿಯೇ ಎತ್ತಿ, ಗಟ್ಟಿಮಾಡಿ, ಕಾಗದದಂತೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು. ಅಷ್ಟು ಒಳಗೆ ಸಿಡಿಲು ಹೊಡೆಯುವುದಿಲ್ಲ, ಕಾಳ್ಗಿಚ್ಚು ನುಗ್ಗುವುದಿಲ್ಲ, ಯಾರೋ ಹೊತ್ತು ತಂದಿರಬೇಕು. ಅದೇ ದೇಶದ ಸ್ವಾರ್ಟ್‌ಕ್ರಾನ್ಸ್ ಎಂಬ ಇನ್ನೊಂದು ಗವಿಯಲ್ಲಿ ಸುಟ್ಟ ಎಲುಬುಗಳನ್ನು ಬಾಬ್ ಬ್ರೇನ್ 1980ರ ದಶಕದಲ್ಲೇ ಗುರುತಿಸಿದ್ದರು. ಇಸ್ರೇಲಿನ ಗೆಶೆರ್ ಬೆನೊಟ್ ಯಾಕೊವ್ ಎಂಬಲ್ಲಿ ಸುಮಾರು 7.8 ಲಕ್ಷ ವರ್ಷ ಹಿಂದಿನ ಸುಟ್ಟ ಬೀಜ, ಕಟ್ಟಿಗೆ, ಕಲ್ಲಿನ ಚೂರುಗಳು ಒಂದೆಡೆ ಸೇರಿದ್ದು ಸಿಕ್ಕಿದೆ. ಇವೆಲ್ಲ ಬೆಂಕಿಯನ್ನು ಬಳಸಿದ್ದು. ಬೇಕೆಂದಾಗ ಹೊತ್ತಿಸುವುದು ಇನ್ನೊಂದು ವಿದ್ಯೆ. ಫ್ರಾನ್ಸಿನಲ್ಲಿ ನಿಯಾಂಡರ್ತಾಲರು ಎಂಬ ಇನ್ನೊಂದು ಮಾನವ ಬಳಗದವರು ಸುಮಾರು 50 ಸಾವಿರ ವರ್ಷ ಹಿಂದೆ ತಮ್ಮ ಕೈಕೊಡಲಿಯ ಮೈಗೆ ಪೈರೈಟ್ ಎಂಬ ಖನಿಜವನ್ನು ಬಡಿದು ಕಿಡಿ ಎಬ್ಬಿಸಿದ ಗೀರುಗಳನ್ನು 2018ರಲ್ಲಿ ಓದಿದರು.

"ಅಂದರೆ ಹಚ್ಚಲು ಬರುವ ಮೊದಲು ಕಾಯ್ದಿಟ್ಟುಕೊಂಡಿದ್ದರು" ಎಂದರು ರೈತರ ತಾಯಿ. ಅವರ ಚಿಕ್ಕಂದಿನಲ್ಲಿ ಕಡ್ಡಿಪೆಟ್ಟಿಗೆ ಉಳಿಸಲು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಇಡುತ್ತಿದ್ದರಂತೆ, ಆರಿದ ದಿನ ಕುಳ್ಳಿನ ತುಂಡು ಹಿಡಿದು ಪಕ್ಕದ ಮನೆಗೆ ಕೆಂಡ ತರಲು ಹೋಗುತ್ತಿದ್ದರಂತೆ. ಎಷ್ಟೋ ಲೇಖನ ಓದಿದ ಮೇಲೂ ನನಗೆ ಹೊಳೆಯದ ಚಿತ್ರ ಅದು: ಆದಿಮಾನವರಿಗೆ ಬೆಂಕಿ ಎಂದರೆ ಬಹುಕಾಲ ನೆರೆಮನೆಯ ಸಾಲವೇ ಆಗಿದ್ದೀತು.

ಮೂರನೆಯ ದಿನ: ಬೂದಿಹಾಳ, ಅಲ್ಲಿಂದ ಬಳ್ಳಾರಿ

ಬೆಳಿಗ್ಗೆ ಹೊರಡುವ ಮುಂಚೆ ಸೀತನಿಯ ಗುಂಡಿಯ ಬಳಿಗೆ ಹೋದೆ. ರಾತ್ರಿ ಬೀಸಿದ ಗಾಳಿಗೆ ಮೇಲಿನ ಬೂದಿಯೆಲ್ಲ ಹಾರಿ ಜೋಳದ ಸಾಲುಗಳ ಮೇಲೆ ಬಿಳಿ ಧೂಳಾಗಿತ್ತು. ಇಬ್ಬನಿಗೆ ಉಳಿದದ್ದು ತಳ ಹಿಡಿದಿತ್ತು. ಹತ್ತು ಜನ ಸುತ್ತ ಕುಳಿತು ಮೂರು ಗಂಟೆ ಕಾಯಿಸಿಕೊಂಡ ಬೆಂಕಿ. ಒಂದು ರಾತ್ರಿಗೆ ಇಷ್ಟಾಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದು, ಕುಂಟೆ ಹಾಯ್ದರೆ ಮುಗಿಯಿತು. ಮೂರು ಫರ್ಲಾಂಗ್ ಆಚೆ ಹನ್ನೆರಡು ಲಕ್ಷ ವರ್ಷದ ಚಕ್ಕೆ ಅಂಚೂ ಸವೆಯದೆ ಕುಳಿತಿತ್ತು.

ಈ ಪ್ರವಾಸದಲ್ಲಿ ನನಗೆ ದಕ್ಕಿದ್ದು ಇದು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾವು ಆದಿಮಾನವರನ್ನು ಶಿಲಾಯುಗದವರು ಎಂದು ಕರೆಯುವುದು ಅವರ ಬದುಕಿನ ತುಂಬ ಕಲ್ಲೇ ಇತ್ತೆಂದು ಅಲ್ಲ, ಕಲ್ಲು ಮಾತ್ರ ಉಳಿಯಿತೆಂದು. ಕೋಲು, ತೊಗಲು, ಬಳ್ಳಿ, ಬೆಂಕಿ, ಮಾತು ಯಾವುದೂ ಈ ಬಯಲಿನಲ್ಲಿ ನಿಲ್ಲಲಿಲ್ಲ. ಬೆಂಕಿಯ ಗುರುತು ಸಿಕ್ಕಿಲ್ಲವೆಂದರೆ ಬೆಂಕಿ ಇರಲಿಲ್ಲ ಎಂದು ಇನ್ನು ಮುಂದೆ ತರಗತಿಯಲ್ಲಿ ನಾನು ಹೇಳುವುದಿಲ್ಲ. ಇತ್ತು ಎಂದೂ ಹೇಳುವುದಿಲ್ಲ. ಆ ಗುಂಡಿಯ ಕಥೆ ಹೇಳುತ್ತೇನೆ.

ಬೂದಿ ಉಳಿಯಬೇಕಾದರೆ ಎಷ್ಟು ಸುಡಬೇಕು ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಇದೇ ಸೀಮೆಯ ಬೂದಿಹಾಳ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳ ನೆಲೆ. ಊರಿನ ಹೆಸರೇ ಸಾಕ್ಷಿ ಹೇಳುತ್ತದೆ. ಪದ್ದಯ್ಯ 1990ರ ದಶಕದಲ್ಲಿ ಇಲ್ಲಿಯೂ ಅಗೆದರು. ದೊಡ್ಡಿ, ಅದರ ಪಕ್ಕ ಮನೆಗಳು, ದನಗಳನ್ನು ಕಡಿದು ಹಂಚಿದ ಕಲ್ಲುಹಾಸು, ಚರ್ಟ್ ಕಲ್ಲಿನ ಅಲಗು ಮಾಡುತ್ತಿದ್ದ ಜಾಗ ಎಲ್ಲವೂ ಸಿಕ್ಕವು. ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ಒಂದೆಡೆ ಒಟ್ಟಿ ಸುಟ್ಟು, ಮತ್ತೆ ಒಟ್ಟಿ ಸುಟ್ಟು, ತಲೆಮಾರುಗಳ ಮೇಲೆ ಬೂದಿಯ ದಿಬ್ಬ ಎದ್ದಿದೆ. ಕಲ್ಲಿನ ಅಲಗು ಇಲ್ಲೂ ಇದೆ. ಕಲ್ಲು ಒಡೆಯುವ ಕಸುಬು ಆಗಲೂ ಮುಗಿದಿರಲಿಲ್ಲ. ಕಾಕಾ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ನಿನ್ನೆ ರಾತ್ರಿಯದ್ದೇ" ಎಂದರು. ಕುಳ್ಳಿನ ಬೂದಿಯ ನುಣುಪು ಯಾವ ಕಾಲದ್ದಾದರೂ ಒಂದೇ.

ಉಳಿದದ್ದು ದಾರಿ. ನಾರಾಯಣಪುರದಲ್ಲಿ ಕೃಷ್ಣೆ, ಲಿಂಗಸುಗೂರಿನಲ್ಲಿ ಊಟ, ಮಸ್ಕಿ, ಸಿಂಧನೂರು, ಸಿರುಗುಪ್ಪ. ಮಸ್ಕಿಯಲ್ಲಿ ಅಶೋಕನ ಶಾಸನದ ಬಳಿ ನಿಲ್ಲಬೇಕೆಂಬ ಆಸೆ ಇತ್ತು. ಇದು ಬೇರೆ ಕಥೆಯ ಕಲ್ಲು ಎಂದು ನನಗೆ ನಾನೇ ಹೇಳಿಕೊಂಡೆ. ಬಳ್ಳಾರಿ ಮುಟ್ಟಿದಾಗ ರಾತ್ರಿ ಒಂಬತ್ತು.

ನಾಲ್ಕನೆಯ ದಿನ: ಕುಡತಿನಿ, ಸಂಗನಕಲ್ಲು

ಕುಡತಿನಿಯ ಬೂದಿದಿಬ್ಬ ಬೂದಿಹಾಳಕ್ಕಿಂತ ಬೆರಗಿನದು. ಇಲ್ಲಿ ಬೂದಿ ಬರೀ ಬೂದಿಯಾಗಿಲ್ಲ, ಕಡೆಕಡೆಗೆ ಕರಗಿ, ಗುಳ್ಳೆಯೆದ್ದು, ಗಾಜಿನಂತೆ ಗಟ್ಟಿಯಾಗಿದೆ. ಹುಲ್ಲು ತಿಂದ ದನದ ಸಗಣಿಯಲ್ಲಿ ಹುಲ್ಲಿನ ಸಿಲಿಕ ಇರುತ್ತದೆ. ದೊಡ್ಡ ರಾಶಿ ಹೊತ್ತಿ ಉರಿದಾಗ ಒಳಗಿನ ಕಾವಿಗೆ ಅದು ಕರಗುತ್ತದೆ. 19ನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಇದನ್ನು ನೋಡಿ ಬರೆದಾಗ ಏನೆಂದು ತೀರ್ಮಾನವಾಗಿರಲಿಲ್ಲ. ಸಗಣಿಯ ಬೂದಿ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದವರು ಜೊಯ್ನರ್. ರಾಯಚೂರಿನ ಆಚೆ ಉಟ್ನೂರಿನಲ್ಲಿ ಅಗೆದು, ಬೂದಿಯ ಪದರದಲ್ಲಿ ದನದ ಗೊರಸಿನ ಗುರುತು ಕಂಡು, ಇವು ದೊಡ್ಡಿಗಳು ಎಂದು ನಿಲ್ಲಿಸಿದವರು ಪುರಾತತ್ವಜ್ಞ ಆಲ್ಚಿನ್. ನಮ್ಮ ಜನ ಅದಕ್ಕೂ ಮುಂಚೆ ತಮ್ಮದೇ ಉತ್ತರ ಕೊಟ್ಟುಕೊಂಡಿದ್ದರು. ಹಂಪಿಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಇಂದಿಗೂ ತೋರಿಸುತ್ತಾರೆ. ಆ ಮಾತನ್ನು ನಾನು ಕೀಳಾಗಿ ಕಾಣಲಾರೆ. ಇಷ್ಟು ಬೂದಿ ಇರಬೇಕಾದರೆ ಇಲ್ಲಿ ಏನೋ ಮಹತ್ತಾದದ್ದು ಸುಟ್ಟಿರಬೇಕು ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು.

ಮಧ್ಯಾಹ್ನದ ಮೇಲೆ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳು. 1863ರ ಮೇ 30ರಂದು ಮದರಾಸಿನ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆಶಿಲಾಯುಗದ ಹತ್ಯಾರನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಈ ಗುಡ್ಡಗಳಿಗೂ ಬಂದಿದ್ದ. ವೃತ್ತಿಯಲ್ಲಿ ಅವನು ಭೂವಿಜ್ಞಾನಿ. ಕಲ್ಲಿನ ಜಾತಿ ಗೊತ್ತಿದ್ದವನಿಗೇ ಕಲ್ಲಿನ ಮೇಲಿನ ಕೈ ಕಂಡಿತು. ಹಿರೇಗುಡ್ಡದಲ್ಲಿ ಗ್ರಾನೈಟಿನ ನಡುವೆ ಕರಿಯ ಡಾಲರೈಟ್ ಕಲ್ಲಿನ ಏಣು ಓಡುತ್ತದೆ. ನವಶಿಲಾಯುಗದವರು ಅದನ್ನು ಒಡೆದು ಕೊಡಲಿ ಮಾಡಿ, ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ನಯಮಾಡುತ್ತಿದ್ದರು. ಉಜ್ಜಿದ ಗುಳಿಗಳು ಬಂಡೆಯಲ್ಲಿ ಹಾಗೇ ಇವೆ. ಕಾಕಾ ಒಂದು ಗುಳಿಯಲ್ಲಿ ಅಂಗೈ ಇಟ್ಟರು. ಬೆಣ್ಣೆಯ ಹಾಗಿದೆ ಎಂದರು.

ಕಪ್ಪಗಲ್ಲಿನ ಗುಡ್ಡದಲ್ಲಿ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಬಿಡಿಸಿದ ನೂರಾರು ಚಿತ್ರಗಳಿವೆ. ಅವುಗಳ ನಡುವೆ ಕೆಲವು ಕರಿಬಂಡೆಗಳ ಮೇಲೆ ಬಟ್ಟಲಿನಂಥ ತಗ್ಗುಗಳು. ಆ ತಗ್ಗಿಗೆ ಸಣ್ಣ ಕಲ್ಲಿನಿಂದ ತಟ್ಟಿದರೆ ಬಂಡೆ ಗಂಟೆಯಂತೆ ನುಡಿಯುತ್ತದೆ. ಮತ್ತೆ ಮತ್ತೆ ಬಡಿದೇ ಆದ ತಗ್ಗುಗಳು ಅವು, ನುಡಿಸಲೆಂದೇ ಬಡಿದದ್ದು. ಹೊಸ ಏಟು ಬೀಳಬಾರದೆಂದು ನಾವು ಬೆರಳ ಗೆಣ್ಣಿನಿಂದ ಮಾತ್ರ ತಟ್ಟಿದೆವು. ಸದ್ದು ಸಣ್ಣದಾಗಿಯೇ ಬಂತು, ಆದರೆ ಬಂದಿತು. ಕಾಕಾ ಕಿವಿಯನ್ನು ಬಂಡೆಗೆ ಹಚ್ಚಿ ಇನ್ನೊಮ್ಮೆ ತಟ್ಟಿದರು. ಇಸಾಂಪುರದಲ್ಲಿ ಅವರು ಹೇಳಿದ್ದ ಕಂಚು ನನಗೆ ಅರ್ಥವಾದದ್ದು ಆಗ.

ಆಚೆಯ ಗುಡ್ಡದಲ್ಲಿ ಕ್ರಷರ್ ಓಡುತ್ತಿತ್ತು. ಈ ಗುಡ್ಡಗಳ ಒಂದು ಪಾಲನ್ನು ಗ್ರಾನೈಟ್ ಗಣಿ ಈಗಾಗಲೇ ತಿಂದಿದೆ. ಕಲ್ಲು ಒಡೆದೇ ಬದುಕಿದ ಕಾಕಾ ಅದನ್ನು ನೋಡುತ್ತಾ, "ಒಡೆಯಲು ಬೇರೆ ಗುಡ್ಡ ಸಿಗುತ್ತದೆ. ಇದೊಂದನ್ನು ಬಿಡಬೇಕು" ಎಂದರು. ಈ ಮಾತು ಕೇಳಿಸಬೇಕಾದವರಿಗೆ ಕೇಳಿಸಲಿ ಎಂದು ಇಲ್ಲಿ ಬರೆದಿದ್ದೇನೆ.

ಐದನೆಯ ದಿನ: ಜ್ವಾಲಾಪುರಂ, ಬೇತಂಚೆರ್ಲ

ನಸುಕಿಗೇ ಎದ್ದು ಗುಂತಕಲ್, ಗುತ್ತಿ ದಾಟಿ ಆಂಧ್ರದೊಳಗೆ. ಬನಗಾನಪಲ್ಲಿಯ ಕಡೆ ಜುರ್ರೇರು ಹಳ್ಳದ ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಊರು. ಇಲ್ಲಿಯೂ ಬೂದಿ, ಆದರೆ ಮನುಷ್ಯರದ್ದಲ್ಲ. ಸುಮಾರು 74 ಸಾವಿರ ವರ್ಷ ಹಿಂದೆ ಸುಮಾತ್ರದ ತೋಬಾ ಜ್ವಾಲಾಮುಖಿ ಸಿಡಿದಾಗ ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಹಾರಿಬಂದು ಬಿದ್ದದ್ದು. ಮಳೆನೀರು ಸುತ್ತಲ ಇಳಿಜಾರಿನಿಂದ ಕೊಚ್ಚಿ ತಂದು ತಗ್ಗಿನಲ್ಲಿ ಆಳುದ್ದಕ್ಕೂ ಮೀರಿ ಪೇರಿಸಿದೆ. ಊರಿನವರು ಅದನ್ನು ಅಗೆದು ಪಾತ್ರೆ ತಿಕ್ಕುವ ಪುಡಿಗೆ ಮಾರುತ್ತಿದ್ದರು. ಆ ಗುಂಡಿಗಳ ಗೋಡೆಯಲ್ಲೇ ಬಿಳಿಯ ಪಟ್ಟಿ ಎದ್ದು ಕಾಣುವುದು. ಒಂದು ಚಿಟಿಕೆ ಬೆರಳಿನ ನಡುವೆ ತಿಕ್ಕಿದೆ. ಕುಳ್ಳಿನ ಬೂದಿಯಂತೆ ನುಣ್ಣಗಿಲ್ಲ, ಗಾಜಿನ ಪುಡಿಯಂತೆ ಕಚ್ಚುತ್ತದೆ. ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಪೆಟ್ರಾಗ್ಲಿಯಾ ಅವರ ತಂಡಕ್ಕೆ ಈ ಬೂದಿಯ ಕೆಳಗೂ ಮೇಲೂ ಕಲ್ಲಿನ ಹತ್ಯಾರುಗಳು ಸಿಕ್ಕಿದ್ದನ್ನು 2007ರಲ್ಲಿ ಪ್ರಕಟಿಸಿದರು. ಎರಡೂ ಒಂದೇ ಬಗೆಯವು. ಆಕಾಶವೇ ಬೂದಿಯಾಗಿ ಸುರಿದ ಮೇಲೂ ಈ ಹಳ್ಳದ ದಂಡೆಯಲ್ಲಿ ಕಲ್ಲು ಒಡೆಯುವವರು ಇದ್ದರು, ಅದೇ ಕೈಯ ಅಭ್ಯಾಸದಲ್ಲಿ ಒಡೆಯುತ್ತಿದ್ದರು.

ಅಲ್ಲಿಂದ ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗವಿಗಳು. ಚಾವಣಿ ಕುಸಿದು ಮುಗಿಲಿಗೆ ತೆರೆದ ಕಮರಿ, ಅದರ ಗೋಡೆಗಳಲ್ಲಿ ಗವಿಯ ಬಾಯಿಗಳು. ಫೂಟ್ ಮತ್ತು ಅವನ ಮಗ ಹೆನ್ರಿ 1880ರ ದಶಕದಲ್ಲಿ ಇಲ್ಲಿ ಅಗೆದರು. ಇದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಸುಮಾರು 17 ಸಾವಿರ ವರ್ಷ ಹಳೆಯ ಒಲೆಯೊಂದು ಸಿಕ್ಕಿದೆ. ಸುಟ್ಟ ಮಣ್ಣು, ಬೂದಿ, ಎಲುಬು. ಗವಿಯ ಗೋಡೆ ಗಾಳಿಯನ್ನೂ ಮಳೆಯನ್ನೂ ತಡೆದದ್ದರಿಂದ ಉಳಿದ ಒಂದು ಅಡುಗೆಯ ಜಾಗ. ಬಿಲ್ಲಸುರ್ಗದ ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಎಲೆಯೊಂದೂ ಅಲುಗುತ್ತಿರಲಿಲ್ಲ.

ಬೇತಂಚೆರ್ಲ ಊರಿನೊಳಗೆ ಬಂದಾಗ ಕಾಕಾ ಕಾರು ನಿಲ್ಲಿಸಲು ಹೇಳಿದರು. ರಸ್ತೆಯ ಎರಡೂ ಬದಿಗೆ ಫರಸಿ ಒಟ್ಟಿದ್ದರು, ನಮ್ಮ ಶಹಾಬಾದಿನಂತೆಯೇ. ಒಬ್ಬ ಮುದುಕರು ನೆಲದ ಮೇಲೆ ಕುಳಿತು ಹಲಗೆಯೊಂದರ ಅಂಚು ನೇರ ಮಾಡುತ್ತಿದ್ದರು. ಕಾಕಾನಿಗೆ ತೆಲುಗು ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಕಾಕಾ ಪಕ್ಕದಲ್ಲಿ ಕುಳಿತು, ಒರಗಿಸಿಟ್ಟಿದ್ದ ಒಂದು ಹಲಗೆಯನ್ನು ಗೆಣ್ಣಿನಿಂದ ತಟ್ಟಿ ತಲೆ ಅಲ್ಲಾಡಿಸಿದರು. ಆ ಹಿರಿಯರು ನಕ್ಕು, ಹಿಂದಿನ ಸಾಲಿನಿಂದ ಇನ್ನೊಂದನ್ನು ಎಳೆದು ಮುಂದೆ ನಿಲ್ಲಿಸಿದರು. ಕಾಕಾ ಅದನ್ನು ತಟ್ಟಿದರು. ಇಬ್ಬರೂ ಸದ್ದು ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕಾಕಾ ಜೇಬಿನಿಂದ ತಾರೀಖು ಬರೆದ ಚಕ್ಕೆ ತೆಗೆದು ಅವರ ಕೈಗೆ ಕೊಟ್ಟರು. ಅವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಏಟು ಬಿದ್ದ ಜಾಗದ ಉಬ್ಬಿನ ಮೇಲೆ ಹೆಬ್ಬೆರಳು ಇಟ್ಟರು.